ಸೀಟು ಸಿಕ್ಕ ಮೇಲಿನ ಅಡ್ಡಗೋಡೆ

ವಿಶ್ವವಿದ್ಯಾಲಯದ ಹೊಸ್ತಿಲು ದಾಟಿ ಬಂದ ವಿದ್ಯಾರ್ಥಿಗಳಲ್ಲಿ ಕೆಲವರು ಒಳಗೆ ಬಂದ ಮೇಲೆ ಯಾಕೆ ಹಿಂದೆ ಬೀಳುತ್ತಾರೆ? ಅಮೆರಿಕದ ಸಾಮಾಜಿಕ ಮನೋವಿಜ್ಞಾನಿ ಕ್ಲಾಡ್ ಸ್ಟೀಲ್ ವೃತ್ತಿಜೀವನದ ಬಹುಭಾಗವನ್ನು ಈ ಪ್ರಶ್ನೆಗೇ ಕೊಟ್ಟರು. 1946ರಲ್ಲಿ ಷಿಕಾಗೊ ಸೀಮೆಯ ಕಪ್ಪು–ಬಿಳಿ ದಂಪತಿಗೆ ಹುಟ್ಟಿದ ಅವರು 1971ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದರು. ಮಿಷಿಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅಲ್ಲಿನ ದಾಖಲೆಗಳಲ್ಲಿ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಪ್ರವೇಶ ಪರೀಕ್ಷೆಯಲ್ಲಿ ಸರಿಸಮ ಅಂಕ ಪಡೆದು ಬಂದಿದ್ದರೂ ಕಪ್ಪು ವಿದ್ಯಾರ್ಥಿಗಳ ಕಾಲೇಜು ಫಲಿತಾಂಶ ಬಿಳಿಯರಿಗಿಂತ ಕೆಳಗಿತ್ತು. ಬುದ್ಧಿ ಸಾಲದು, ತಯಾರಿ ಸಾಲದು ಎಂಬ ಎರಡೂ ಸಿದ್ಧ ಉತ್ತರಗಳು ಇಲ್ಲಿ ಹೊಂದುತ್ತಿರಲಿಲ್ಲ.

ಸ್ಟ್ಯಾನ್‌ಫರ್ಡ್ ಸೇರಿದ ಮೇಲೆ ಜೋಷುವಾ ಆರನ್‌ಸನ್ ಜೊತೆ ನಡೆಸಿದ ಪ್ರಯೋಗಗಳು 1995ರಲ್ಲಿ ಪ್ರಕಟವಾದವು. ಕಠಿಣ ಪ್ರಶ್ನೆಗಳ ಒಂದೇ ಪತ್ರಿಕೆಯನ್ನು ಎರಡು ಗುಂಪುಗಳಿಗೆ ಕೊಡಲಾಯಿತು. ಇದು ಬೌದ್ಧಿಕ ಸಾಮರ್ಥ್ಯ ಅಳೆಯುವ ಪರೀಕ್ಷೆ ಎಂದು ಹೇಳಿಸಿಕೊಂಡ ಗುಂಪಿನಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದುಳಿದರು. ಸಮಸ್ಯೆ ಬಿಡಿಸುವ ಬಗೆಯನ್ನು ತಿಳಿಯುವ ಅಭ್ಯಾಸವಷ್ಟೇ ಎಂದು ಕೇಳಿದ ಗುಂಪಿನಲ್ಲಿ ಅಂತರ ಕುಗ್ಗಿತು. ಈ ಹೋಲಿಕೆ ಪ್ರವೇಶ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ನಂತರದ್ದು. ಪಠ್ಯಪುಸ್ತಕಗಳು ಹಲವು ಸಲ ಈ ಷರತ್ತನ್ನೇ ಮರೆಯುತ್ತವೆ. ತನ್ನ ಗುಂಪಿಗೆ ಅಂಟಿದ ಹಣೆಪಟ್ಟಿ ತನ್ನಿಂದಲೇ ನಿಜವಾಗಿಬಿಟ್ಟೀತೆಂಬ ಅಳುಕಿಗೆ ಅವರು ಕೊಟ್ಟ ಹೆಸರು ಸ್ಟೀರಿಯೊಟೈಪ್ ಥ್ರೆಟ್. ಅಳುಕು ಹುಟ್ಟುವುದು ಪರೀಕ್ಷೆಯನ್ನು ಏರ್ಪಡಿಸಿದ ರೀತಿಯಿಂದ. ಅಂದಮೇಲೆ ಹೊಣೆಯ ದೊಡ್ಡ ಪಾಲು ವಿದ್ಯಾರ್ಥಿಯ ಆತ್ಮವಿಶ್ವಾಸದ್ದಲ್ಲ, ಏರ್ಪಡಿಸಿದವರದ್ದು.

ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಯೋಗ ನಡೆದದ್ದು ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ. ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರು, ಏಳನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಚಕ್ರಬಂಧಗಳನ್ನು ಕೊಟ್ಟು, ಬಿಡಿಸಿದ ಪ್ರತಿಯೊಂದಕ್ಕೂ ಒಂದು ರೂಪಾಯಿ ನಿಗದಿ ಮಾಡಿದರು. ಜಾತಿಯ ಸುದ್ದಿ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಂದು ಎಲ್ಲರೆದುರು ಓದಿ ಹೇಳಿದ ಕೋಣೆಗಳಲ್ಲಿ ಕೆಳಜಾತಿ ಹುಡುಗರು ಬಿಡಿಸಿದ ಚಕ್ರಬಂಧಗಳ ಸಂಖ್ಯೆ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು.

ಹುಬ್ಬಳ್ಳಿ–ಧಾರವಾಡದಲ್ಲಿ ಇಂಥ ಓದಿ ಹೇಳುವಿಕೆಗೆ ಪ್ರಯೋಗಶಾಲೆಯೇ ಬೇಕಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರಿನ ಪಕ್ಕ ಜಿ.ಎಂ., 2ಎ, 3ಬಿ, ಎಸ್.ಸಿ. ಎಂಬ ಅಕ್ಷರಗಳಿರುತ್ತವೆ. ಮೀಸಲಾತಿಗೆ ಈ ದಾಖಲೆ ಬೇಕೇ ಬೇಕು. ಆದರೆ ಪ್ರವೇಶ ಮುಗಿದ ಮೇಲೂ ತರಗತಿಯಲ್ಲಿ ‘ಸ್ಕಾಲರ್‌ಶಿಪ್ಪಿನವರು ಏಳ್ರಿ’ ಎಂದು ನಿಲ್ಲಿಸುವುದಕ್ಕೆ ಯಾವ ಕಾಯ್ದೆಯ ಬೆಂಬಲವೂ ಇಲ್ಲ. ಜಾತಿಯ ಜೊತೆಗೆ ಇಲ್ಲಿ ಇನ್ನೊಂದು ಹಣೆಪಟ್ಟಿಯೂ ಇದೆ: ಕನ್ನಡ ಮಾಧ್ಯಮ. ಗದಗ, ಕೊಪ್ಪಳದ ಹಳ್ಳಿಗಳಿಂದ ವಿಜ್ಞಾನ ಓದಲು ಬಂದ ಹುಡುಗಿ ಉತ್ತರ ಗೊತ್ತಿದ್ದೂ ವೈವಾದಲ್ಲಿ ಬಾಯಿ ಕಟ್ಟಿ ನಿಲ್ಲುವುದುಂಟು. ಇಂಗ್ಲಿಷ್ ವ್ಯಾಕರಣ ತಪ್ಪಿದರೆ ಭೌತವಿಜ್ಞಾನವೇ ಬರುವುದಿಲ್ಲವೆಂದು ಅಂದುಕೊಂಡಾರು ಎಂಬ ಹೆದರಿಕೆ ಅವಳದು. 2016ರಲ್ಲಿ ಆರಂಭವಾದ ಧಾರವಾಡ ಐಐಟಿಯೂ ಸೇರಿದಂತೆ ಆ ಬಗೆಯ ಸಂಸ್ಥೆಗಳಲ್ಲಿ ‘ರ‍್ಯಾಂಕ್ ಎಷ್ಟು?’ ಎಂಬ ಒಂದೇ ಪ್ರಶ್ನೆ ಮೀಸಲಾತಿಯ ಗುಟ್ಟು ಹೊರಹಾಕಬಲ್ಲದು. ಸಹಪಾಠಿಯ ಜೆಇಇ ರ‍್ಯಾಂಕ್ ಕೇಳುವುದು ಸಲ್ಲದೆಂದು ಬಾಂಬೆ ಐಐಟಿ 2023ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು.

ಈ ಸಿದ್ಧಾಂತಕ್ಕೆ ಮಿತಿಗಳಿವೆ. 2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಳಗೊಂಡ ಅಧ್ಯಯನಕ್ಕೆ ಹುಡುಗಿಯರ ಗಣಿತದ ಅಂಕಗಳಲ್ಲಿ ಇಂಥ ಪರಿಣಾಮ ಕಾಣಲಿಲ್ಲ. ಮೊದಮೊದಲ ಪ್ರಯೋಗಗಳು ತೋರಿದಷ್ಟು ದೊಡ್ಡ ಪರಿಣಾಮ ಎಲ್ಲ ಕಡೆ ಸಿಗದು ಎಂದು ಈಗ ಒಪ್ಪಬೇಕಾಗುತ್ತದೆ. ಅಳುಕಿನ ಬೆನ್ನಿಗೆ ಹೋಗಿ ಶುಲ್ಕ, ಊಟ, ವಸತಿಯ ಲೆಕ್ಕ ಮರೆಯುವ ಅಪಾಯವೂ ಇದೆ. ಈ ವಿಷಯದಲ್ಲಿ ಧಾರವಾಡದ ಹಿರಿಯರು ಮುಂದಿದ್ದರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಸ್ವಾತಂತ್ರ್ಯಕ್ಕೆ ಮೊದಲೇ ನಡೆಸಿದ ಉಚಿತ ಪ್ರಸಾದನಿಲಯ ಇಲ್ಲದಿದ್ದರೆ ಎಷ್ಟೋ ಹಳ್ಳಿ ಹುಡುಗರಿಗೆ ಕಾಲೇಜು ಮೆಟ್ಟಿಲು ಸಿಗುತ್ತಿರಲಿಲ್ಲ. ಅಂಥ ನಿಲಯಗಳಲ್ಲಿ ಊಟದ ಜೊತೆ ಇನ್ನೊಂದೂ ದಕ್ಕುತ್ತಿತ್ತು: ‘ನಮಗೂ ಮೊದಲ ವರ್ಷ ಹಿಂಗ ಆಗಿತ್ತು, ತಡಿ’ ಎನ್ನುವ ಹಿರಿಯ ವಿದ್ಯಾರ್ಥಿ. ಮನೋವಿಜ್ಞಾನಿಗಳಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಬಹುಮಟ್ಟಿಗೆ ಇದೇ. ಪರಕೀಯತೆ ಎಲ್ಲರಿಗೂ ಆಗುವಂಥದ್ದು, ಕಾಲ ಸರಿದಂತೆ ಕಳೆಯುವಂಥದ್ದು ಎಂಬ ಹಿರಿಯರ ಅನುಭವವನ್ನು ಹೊಸಬರಿಗೆ ಸುಮಾರು ಒಂದು ಗಂಟೆ ಓದಿಸಿ ಬರೆಸಿದ್ದಕ್ಕೆ ಮೂರು ವರ್ಷಗಳಲ್ಲಿ ಕಪ್ಪು–ಬಿಳಿ ವಿದ್ಯಾರ್ಥಿಗಳ ಅಂಕಗಳ ಅಂತರ ಅರ್ಧಕ್ಕಿಳಿದಿತ್ತು.

ಸ್ಟೀಲ್ ಅವರ ಆಡಳಿತ ಪರ್ವ ಸಂಶೋಧನೆಯಷ್ಟು ಬೆಳಗಲಿಲ್ಲ. 2009ರಿಂದ 2011ರವರೆಗೆ ಕೊಲಂಬಿಯಾದ ಪ್ರೊವೋಸ್ಟ್ (ವಿದ್ಯಾವಿಷಯಕ ಆಡಳಿತದ ಮುಖ್ಯಸ್ಥರು), ನಂತರ ಸ್ಟ್ಯಾನ್‌ಫರ್ಡ್‌ನ ಶಿಕ್ಷಣ ಶಾಲೆಯ ಡೀನ್, 2014ರಲ್ಲಿ ಬರ್ಕ್ಲಿಯ ಪ್ರೊವೋಸ್ಟ್. ಬರ್ಕ್ಲಿಯ ಕಾನೂನು ಶಾಲೆಯ ಡೀನ್ ವಿರುದ್ಧದ ಲೈಂಗಿಕ ಕಿರುಕುಳ ದೂರಿನಲ್ಲಿ ಆಡಳಿತ ಮೃದುವಾಗಿ ನಡೆದುಕೊಂಡಿತೆಂಬ ಟೀಕೆ ಎದ್ದಿತು, ಅದು ಅವರತ್ತಲೂ ತಿರುಗಿತು. 2016ರಲ್ಲಿ ಅವರು ಕುಟುಂಬದ ಅನಾರೋಗ್ಯದ ಕಾರಣ ನೀಡಿ ಹುದ್ದೆ ಬಿಟ್ಟರು. ದುರ್ಬಲರಿಗೆ ಸಂಸ್ಥೆಯ ವಾತಾವರಣ ಹೇಗೆ ಕಾಣುತ್ತದೆಂದು ಅವರಷ್ಟು ಬಲ್ಲವರು ವಿರಳ. ಆದರೂ ಕಡತ ಮೇಜಿಗೆ ಬಂದಾಗ ಗೆದ್ದದ್ದು ಕಚೇರಿಯ ಎಂದಿನ ರೂಢಿಯೇ ಎಂದು ಟೀಕಾಕಾರರಿಗೆ ಅನಿಸಿತು. ಆ ಅನಿಸಿಕೆಯನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ಹೀಗಾಗಿ ಕುಲಪತಿಯ ಕುರ್ಚಿಯಲ್ಲಿ ಮನೋವಿಜ್ಞಾನಿ ಇದ್ದಾರೋ ಗಣಿತಜ್ಞರೋ ಎಂಬುದು ಎರಡನೆಯ ಮಾತು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದ ಡಿ.ಸಿ. ಪಾವಟೆ ಗಣಿತದವರು. ಮೊದಲ ಮಾತು ಕಚೇರಿಯ ರೂಢಿಯನ್ನು ಬದಲಿಸುವ ವ್ಯವಸ್ಥೆಯದು. ಯುಜಿಸಿಯ 2012ರ ಸಮಾನತೆ ನಿಯಮಾವಳಿ ಸಮಾನಾವಕಾಶ ಕೋಶವನ್ನೂ ತಾರತಮ್ಯ ತಡೆ ಅಧಿಕಾರಿಯನ್ನೂ ಬಯಸಿತ್ತು. ಆ ಕೋಶಗಳು ದೂರು ಬರಲೆಂದು ಕಾಯುತ್ತ ಕೂರಬೇಕಿಲ್ಲ. ಪ್ರತಿ ಸೆಮಿಸ್ಟರಿನ ಫಲಿತಾಂಶ ಮತ್ತು ಓದು ಬಿಟ್ಟವರ ಪಟ್ಟಿಯನ್ನು ಹೆಸರಿಲ್ಲದೆ ವರ್ಗವಾರು, ಮಾಧ್ಯಮವಾರು, ವಿಭಾಗವಾರು ವಿಂಗಡಿಸಿ ವಿದ್ಯಾವಿಷಯಕ ಪರಿಷತ್ತಿನ ಮುಂದಿಡಬಹುದು. ಸಮಾನ ಅಂಕದಿಂದ ಬಂದವರು ಯಾವ ವಿಭಾಗದಲ್ಲಿ, ಯಾವ ಸೆಮಿಸ್ಟರಿನಲ್ಲಿ, ಲಿಖಿತ ಪರೀಕ್ಷೆಯಲ್ಲೋ ವೈವಾದಲ್ಲೋ ಬೇರೆಯಾಗುತ್ತಾರೆಂದು ಆ ಪಟ್ಟಿಯಿಂದ ಗೊತ್ತಾಗುತ್ತದೆ, ವಿವರಣೆ ಕೊಡಬೇಕಾದವರು ಆಯಾ ವಿಭಾಗದ ಮುಖ್ಯಸ್ಥರು.