ಕಟ್ಟಳೆಯೊಳಗಿನ ಸಾಹಸ

ಕೆನಡಾದ ವೈಟ್‌ಹಾರ್ಸ್‌ನಲ್ಲಿ ಜೂನ್ ತಿಂಗಳ ಕೊನೆಗೆ ಒಂದು ವಿಚಿತ್ರ ಓಟ ನಡೆಯುತ್ತದೆ. ಹುಟ್ಟು ಹಿಡಿದ ಜನ ಪಾರ್ಕಿನಿಂದ ನದಿಯ ದಡಕ್ಕೆ ಓಡಿ, ಸಾಲಾಗಿ ಇಟ್ಟ ಕಯಾಕು, ಕ್ಯಾನೂಗಳನ್ನು ನೀರಿಗಿಳಿಸುತ್ತಾರೆ. ಅಲ್ಲಿಂದ ಯೂಕಾನ್ ನದಿಯ ಮೇಲೆ ಡಾಸನ್ ಸಿಟಿಗೆ 715 ಕಿಲೊಮೀಟರ್. ನಮ್ಮ ಕಾವೇರಿಯ ಪೂರ್ತಿ ಉದ್ದವೇ ಸುಮಾರು 800 ಕಿಲೊಮೀಟರ್. ಅದನ್ನು ನೆನೆದರೆ ಈ ದೂರ ಎಷ್ಟೆಂದು ಗೊತ್ತಾಗುತ್ತದೆ. 1999ರಲ್ಲಿ ಶುರುವಾದ ಈ ‘ಯೂಕಾನ್ ರಿವರ್ ಕ್ವೆಸ್ಟ್’ಗೆ ಸೇರಲು ಜನ ದುಡ್ಡು ಕೊಡುತ್ತಾರೆ, ರಜೆ ಹಾಕುತ್ತಾರೆ, ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ.

ಇದನ್ನು ಸಾಹಸ ಎನ್ನಬಹುದೇ? ಸಂಶಯಪಡುವವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ದಾರಿ ಮೊದಲೇ ಗೊತ್ತು. ದೋಣಿಯಲ್ಲಿ ಏನೇನು ಇರಬೇಕೆಂಬ ಪಟ್ಟಿ ಗೊತ್ತು. ಎಲ್ಲೆಲ್ಲಿ ಎಷ್ಟು ಗಂಟೆಯೊಳಗೆ ಮುಟ್ಟಬೇಕು, ಎಲ್ಲಿ ಕಡ್ಡಾಯವಾಗಿ ನಿಂತು ಮಲಗಬೇಕು ಎಂಬುದೂ ನಿಗದಿಯಾಗಿದೆ. ಮಲಗು ಎಂದು ಸಂಘಟಕರು ಹೇಳಿ ಮಲಗಿಸುವ ಆಟಕ್ಕೆ ಸಾಹಸದ ಹೆಸರೇಕೆ? ಹಳೆಯ ಕಾಲದವರು ಇದೇ ನದಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಹೋಗಲಿಲ್ಲವೇ?

ಹೋಗಲಿಲ್ಲ. ಉತ್ತರ ಇದೇ ನದಿಯ ಚರಿತ್ರೆಯಲ್ಲಿದೆ. 1896ರಲ್ಲಿ ಡಾಸನ್ ಬಳಿಯ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. 1898ರ ಮೇ ಕೊನೆಯಲ್ಲಿ ನದಿಯ ಮೇಲ್ಭಾಗದ ಬೆನೆಟ್ ಸರೋವರದ ಹಿಮ ಒಡೆದದ್ದೇ ತಡ, ಏಳು ಸಾವಿರದಷ್ಟು ದೋಣಿಗಳು ಡಾಸನ್ ಕಡೆಗೆ ಹೊರಟವು. ಹೆಚ್ಚಿನವು ಹಸಿ ಮರ ಸೀಳಿ, ಬಿರುಕಿಗೆ ಅಂಟು ಬಳಿದು ಮಾಡಿದವು. ಮಾಡಿದವರಲ್ಲಿ ಬಹಳ ಜನ ದೋಣಿಯನ್ನು ಹಿಂದೆ ಮುಟ್ಟಿದವರೇ ಅಲ್ಲ. ಮೈಲ್ಸ್ ಕ್ಯಾನ್ಯನ್ ಎಂಬ ಕಲ್ಲುಕಂದರದಲ್ಲೂ ಅದರ ಕೆಳಗಿನ ವೈಟ್‌ಹಾರ್ಸ್ ರಭಸದಲ್ಲೂ ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ದೋಣಿಗಳು ಚೂರಾದವು, ಹಲವರು ಮುಳುಗಿದರು. ಆಗ ಕೆನಡಾದ ಮೌಂಟೆಡ್ ಪೊಲೀಸ್ (ಕುದುರೆ ಪೊಲೀಸ್) ಪಡೆಯ ಅಧಿಕಾರಿ ಸ್ಯಾಮ್ ಸ್ಟೀಲ್ ಸ್ಥಳಕ್ಕೆ ಬಂದು ಸ್ಥಳದಲ್ಲೇ ಕಾನೂನು ಮಾಡಿದರು: ಹೆಂಗಸರು, ಮಕ್ಕಳು ದಡದ ಮೇಲೆ ನಡೆದೇ ಹೋಗಬೇಕು, ದೋಣಿ ಗಟ್ಟಿಯಿದೆಯೆಂದು ಪೊಲೀಸರು ಒಪ್ಪಿದ ಮೇಲೆ, ನುರಿತ ಅಂಬಿಗನ ಕೈಯಲ್ಲೇ ಅದು ರಭಸ ದಾಟಬೇಕು, ತಪ್ಪಿದವರಿಗೆ ನೂರು ಡಾಲರ್ ದಂಡ. ಈ ಕಟ್ಟಳೆಗೆ ಕಾನೂನಿನ ಬಲ ಎಷ್ಟಿತ್ತೋ ಹೇಳುವುದು ಕಷ್ಟ, ಆದರೆ ಮುಳುಗುವುದು ಬಹುಮಟ್ಟಿಗೆ ನಿಂತಿತು. ಆ ಜನರ ಯಾತ್ರೆಯನ್ನು ಇದರಿಂದಾಗಿ ಯಾರೂ ಸಾಹಸವಲ್ಲ ಎಂದದ್ದಿಲ್ಲ. (ಆ ರಭಸ ಈಗ ಇಲ್ಲ. 1958ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಅದನ್ನು ನುಂಗಿತು. ಇಂದಿನ ಸ್ಪರ್ಧೆ ಹೊರಡುವುದು ಅಣೆಕಟ್ಟಿನ ಕೆಳಗಿನಿಂದ.)

ಕಟ್ಟಳೆ ಸಾಹಸವನ್ನು ಕೊಲ್ಲುತ್ತದೆ ಎನ್ನುವವರು ಕಷ್ಟ ಎಲ್ಲಿದೆ ಎಂಬುದನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಒಂದೇ ದಿನದ ದೋಣಿ ಪಂದ್ಯದಲ್ಲಿ ಕಷ್ಟ ಇರುವುದು ರಟ್ಟೆಯಲ್ಲಿ, ಉಸಿರಿನಲ್ಲಿ. ಎರಡನೆಯ ರಾತ್ರಿ ದಾಟುವ ಪಂದ್ಯದಲ್ಲಿ ಅದು ತೀರ್ಮಾನಕ್ಕೆ ಜಾರುತ್ತದೆ: ಈಗ ತಿನ್ನಬೇಕೇ, ಒದ್ದೆ ಅಂಗಿ ಬದಲಿಸಬೇಕೇ, ನದಿ ಕವಲಾದ ಕಡೆ ಎಡಕ್ಕೋ ಬಲಕ್ಕೋ. ಯೂಕಾನಿನಲ್ಲಿ ಮೊದಲ ದಿನವೇ ಎದುರಾಗುವ ಲಬಾರ್ಜ್ ಸರೋವರ 50 ಕಿಲೊಮೀಟರ್ ಉದ್ದ. ಅಲ್ಲಿ ಹರಿವಿನ ಸಹಾಯವಿಲ್ಲ, ಗಾಳಿ ಎದ್ದರೆ ಅಲೆ ಏಳುತ್ತದೆ, ನೀರು ಕೊರೆಯುವಷ್ಟು ತಣ್ಣಗೆ. ಮಗುಚಿದವರ ಬೆರಳು ಮೊದಲು ಮರಗಟ್ಟುತ್ತವೆ, ಆಮೇಲೆ ಬುದ್ಧಿಯೂ ಮಂಕಾಗುತ್ತದೆ. ಉತ್ತರದ ಬೇಸಿಗೆಯಲ್ಲಿ ರಾತ್ರಿ ಸರಿಯಾಗಿ ಕತ್ತಲಾಗದೆ, ನಿದ್ದೆಗೆಟ್ಟವರಿಗೆ ದಡದ ಬಂಡೆಗಳಲ್ಲಿ ಮುಖಗಳು ಕಾಣತೊಡಗುತ್ತವೆ. ಈ ಸ್ಪರ್ಧೆಯವರ ನಡುವೆ ಅದು ಸಾಮಾನ್ಯ ಅನುಭವ. ದಾರಿಯಲ್ಲಿ ಸಿಗುವ ಕಾರ್ಮ್ಯಾಕ್ಸ್ ಎಂಬ ಊರಿನಲ್ಲಿ ಕಡ್ಡಾಯ ವಿರಾಮ ಇಟ್ಟಿರುವುದು ಯಾರಿಗೂ ಸುಖ ಕೊಡಲು ಅಲ್ಲ. ತನಗೆ ನಿದ್ದೆ ಬೇಕೆಂದು ತಿಳಿಯುವ ಶಕ್ತಿಯೇ ನಿದ್ದೆಗೆಟ್ಟವನಲ್ಲಿ ಮೊದಲು ಹೋಗುತ್ತದೆ. ಆ ಒಂದು ತೀರ್ಮಾನವನ್ನು ಸಂಘಟಕರು ವಹಿಸಿಕೊಳ್ಳುತ್ತಾರೆ, ಉಳಿದ ನೂರು ತೀರ್ಮಾನಗಳು ದೋಣಿಯಲ್ಲೇ ಇರುತ್ತವೆ.

ಹಾಗೆ ಉಳಿದ ತೀರ್ಮಾನಗಳು ಎಷ್ಟು ಸಣ್ಣವು, ಎಷ್ಟು ಭಾರದವು ಎಂಬುದಕ್ಕೆ ಟೆಕ್ಸಾಸಿನಲ್ಲೊಂದು ದುಃಖದ ಉದಾಹರಣೆಯಿದೆ. ಸ್ಯಾನ್ ಮಾರ್ಕಸ್‌ನಿಂದ ಸಮುದ್ರತೀರದ ಸೀಡ್ರಿಫ್ಟ್‌ವರೆಗೆ ಸುಮಾರು 420 ಕಿಲೊಮೀಟರ್, ನೂರು ಗಂಟೆಯ ಗಡುವು, ಜೂನ್ ತಿಂಗಳ ಬಿಸಿಲು: ಇದು 1963ರಿಂದ ನಡೆದುಬಂದಿರುವ ‘ಟೆಕ್ಸಾಸ್ ವಾಟರ್ ಸಫಾರಿ’. 2012ರಲ್ಲಿ ಅಲ್ಲಿ ಒಬ್ಬ ಯುವಕ ತೀರಿಕೊಂಡ. ಕಾರಣ ಮುಳುಗಡೆಯಲ್ಲ, ರಕ್ತದಲ್ಲಿ ಸೋಡಿಯಂ ಮಟ್ಟ ಕುಸಿದದ್ದು. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ವಿಪರೀತವಾಗಿ ಕುಡಿದರೆ ಹೀಗಾಗಬಹುದು. ಬಾಯಾರಿದಾಗ ನೀರು ಕುಡಿಯುವಂಥ ಸಹಜ ಕೆಲಸಕ್ಕೂ ಇಲ್ಲಿ ಲೆಕ್ಕ ಬೇಕು, ಆ ಲೆಕ್ಕವನ್ನು ನಿಯಮದ ಪುಸ್ತಕ ಪೂರ್ತಿ ಮಾಡಿಕೊಡಲಾರದು.

ಇಂಗ್ಲೆಂಡಿನದು ಬೇರೆಯೇ ಬಗೆ. ಡಿವೈಜಸ್‌ನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ 125 ಮೈಲಿ. ಮೊದಲು ಕಾಲುವೆ, ಆಮೇಲೆ ಥೇಮ್ಸ್. ದಾರಿಯಲ್ಲಿ 77 ಕಡೆ ದೋಣಿಯನ್ನು ನೀರಿನಿಂದೆತ್ತಿ, ನೀರಿನ ಮಟ್ಟ ಏರಿಳಿಸುವ ‘ಲಾಕ್’ ಕಟ್ಟೆಗಳ ಪಕ್ಕದಲ್ಲಿ ಹೊತ್ತು ಓಡಿ, ಮತ್ತೆ ಇಳಿಸಬೇಕು. 1948ರ ಈಸ್ಟರ್‌ನಲ್ಲಿ ಸ್ಕೌಟ್ ಹುಡುಗರು ನೂರು ಗಂಟೆಯೊಳಗೆ ಮುಗಿಸುವ ಪಂಥ ಗೆದ್ದ ಮೇಲೆ ಇದು ವಾರ್ಷಿಕ ಸ್ಪರ್ಧೆಯಾಯಿತು. 1979ರಲ್ಲಿ ಇಬ್ಬರು ಇದನ್ನು 15 ಗಂಟೆ 34 ನಿಮಿಷದಲ್ಲಿ ಮುಗಿಸಿದರು. ಇಲ್ಲಿನ ಜಾಣತನವೆಲ್ಲ ಥೇಮ್ಸ್ ದಡದ ಟೆಡಿಂಗ್ಟನ್‌ನಲ್ಲಿದೆ. ಅಲ್ಲಿಂದ ಮುಂದಿನ 17 ಮೈಲಿ ಸಮುದ್ರದ ಭರತ–ಇಳಿತಕ್ಕೆ ಒಳಪಟ್ಟ ನೀರು. ಇಳಿತದ ಹೊತ್ತಿಗೆ ಸರಿಯಾಗಿ ಮುಟ್ಟಿದವರನ್ನು ನದಿ ತಾನೇ ಎಳೆದುಕೊಂಡು ಹೋಗುತ್ತದೆ, ತಪ್ಪಿದವರು ದಡದಲ್ಲಿ ಕೂತು ಕಾಯಬೇಕು. ಎಷ್ಟು ಗಂಟೆಗೆ ಹೊರಡಬೇಕೆಂಬುದನ್ನು ಸ್ಪರ್ಧಿಗಳೇ ಅಳೆದು ಆರಿಸಿಕೊಳ್ಳುತ್ತಾರೆ. ಬೇಗ ಹೊರಟವನೇ ಜಾಣನೆನ್ನುವಂತಿಲ್ಲ.

ಸಂಶಯದವರ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಇವು ಬಿಡುವಿದ್ದವರ, ಕೈಯಲ್ಲಿ ಕಾಸಿದ್ದವರ ಆಟ. ಹಗುರ ದೋಣಿ, ಅದನ್ನು ಸಾಗಿಸುವ ವಾಹನ, ದಡದಲ್ಲಿ ಕಾಯುವ ಗೆಳೆಯರ ತಂಡ, ಇವೆಲ್ಲ ಬಿಟ್ಟಿ ಸಿಗುವುದಿಲ್ಲ. ಕ್ಲಾಂಡೈಕ್‌ಗೆ ಹೋದವನಿಗೆ ಸಾಲ, ಹಸಿವು, ಆಸೆಗಳ ಒತ್ತಾಯವಿತ್ತು. ಇವರಿಗೆ ಯಾವ ಒತ್ತಾಯವೂ ಇಲ್ಲ. ಬಯಸಿ ತಂದುಕೊಂಡ ಕಷ್ಟವನ್ನು ಬದುಕಿನ ಕಷ್ಟದ ಸಾಲಿನಲ್ಲಿ ನಿಲ್ಲಿಸಿದರೆ ಅದು ಅಹಂಕಾರವೇ. ಆದರೆ ಒತ್ತಾಯವಿಲ್ಲದಿರುವುದರಿಂದಲೇ ಇಲ್ಲಿ ಇನ್ನೊಂದು ದಾರಿ ತೆರೆದಿದೆ: ಬಿಟ್ಟು ಬರುವುದು. ಮನೆಮಠ ಮಾರಿ ಬಂದ ಚಿನ್ನದ ಬೇಟೆಗಾರನಿಗೆ ವೈಟ್‌ಹಾರ್ಸ್ ರಭಸದ ಮುಂದೆ ನಿಂತು ಹಿಂತಿರುಗುವ ಸ್ವಾತಂತ್ರ್ಯ ಹೆಸರಿಗೆ ಮಾತ್ರ ಇತ್ತು. ಇಂದಿನವನಿಗೆ ಅದು ನಿಜವಾಗಿಯೂ ಇದೆ, ಪ್ರತಿ ತಂಗುದಾಣದಲ್ಲೂ ಇದೆ. ಲಬಾರ್ಜ್ ದಾಟಿ ನಡುಗುತ್ತ ದಡಕ್ಕೆ ಬಂದು ಸಾಕು ಎಂದವರು, ಕಾರ್ಮ್ಯಾಕ್ಸ್‌ನಲ್ಲಿ ನಿದ್ದೆ ಮುಗಿಸಿ ಮತ್ತೆ ದೋಣಿಗೆ ಹೋಗದವರು ಯೂಕಾನಿನ ಫಲಿತಾಂಶದ ಪಟ್ಟಿಯಲ್ಲಿ ಇದ್ದಾರೆ. ಗೆದ್ದವರ ಹೆಸರು ಓದುವವರು ಆ ಭಾಗವನ್ನೂ ಓದಿದರೆ ಈ ಸ್ಪರ್ಧೆಯ ತೂಕ ಹೆಚ್ಚು ಸರಿಯಾಗಿ ತಿಳಿದೀತು.