ತೆಂಗಿನ ಸೀಮೆಯ ಮೇಲೆ ಹಾರುವ ವಿಮಾನಕ್ಕೆ ಎಂತಹ ಸಂಕಟಸೂಚಕ?

ವಾಚಕರು ಭೂಪಟವೊಂದನ್ನು ಹರಡಿ, ಬೆಂಗಳೂರಿನ ಜಕ್ಕೂರು ವಿಮಾನಕ್ಷೇತ್ರದಿಂದ ಶಿವಮೊಗ್ಗದ ನಿಲ್ದಾಣಕ್ಕೆ ಅಳತೆಪಟ್ಟಿಯನ್ನಿಟ್ಟು ಗೆರೆಯೆಳೆಯಲಿ. ಅದು ಚಿಕ್ಕನಾಯಕನಹಳ್ಳಿಯ ಸಮೀಪದಲ್ಲಿ ಹಾದುಹೋಗುತ್ತದೆ. ಹಾಸನಕ್ಕೆ ಎಳೆದ ಗೆರೆ ತುರುವೇಕೆರೆಯ ದಕ್ಷಿಣಕ್ಕೆ ಬೀಳುತ್ತದೆ. ಇವೆರಡರ ನಡುವಿನದೇ ತಿಪಟೂರಿನ ಕಲ್ಪವೃಕ್ಷದ ಸೀಮೆ. ಒಂದೇ ಇಂಜಿನಿನ ಲಘುವಿಮಾನವು ಇಲ್ಲಿ ಕೆಟ್ಟು ಕೆಳಗಿಳಿಯುವಾಗ ರಾಗಿಯ ಹೊಲ ದೊರೆತರೆ ಚಾಲಕನ ಅದೃಷ್ಟ. ತೋಟದೊಳಗೆ ಬಿದ್ದರೆ, ಅರುವತ್ತು ಎಪ್ಪತ್ತು ಅಡಿ ಎತ್ತರದಲ್ಲಿ ಗರಿಗಳು ಮತ್ತೆ ಒಂದಾಗಿ, ಮೇಲಿನಿಂದ ಹುಡುಕುವವನಿಗೆ ಹಸಿರಲ್ಲದೆ ಬೇರೇನೂ ಕಾಣದು.

ಇಂತಹ ವೇಳೆಗೆಂದೇ ವಿಮಾನದಲ್ಲಿ ಸಂಕಟಸೂಚಕವೆಂಬ ಪುಟ್ಟ ರೇಡಿಯೊ ಯಂತ್ರವಿರುತ್ತದೆ. ಅಪಘಾತದ ಆಘಾತಕ್ಕೆ ಅದು ತಾನಾಗಿಯೇ ಎಚ್ಚರಗೊಂಡು ಕರೆಯನ್ನು ಕಳುಹಿಸುತ್ತದೆ. ಹಳೆಯ ಯಂತ್ರಗಳು 121.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಮಾತ್ರ ಕೂಗುತ್ತಿದ್ದವು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಕೂಗನ್ನು ಆಲಿಸುವುದನ್ನು ನಿಲ್ಲಿಸಿವೆ. ಈಗ ಅವು ಆಲಿಸುವುದು 406 ಮೆಗಾಹರ್ಟ್ಸಿನ ಕರೆಯನ್ನು. ಸುಮಾರು 50 ಸೆಕೆಂಡುಗಳಿಗೊಮ್ಮೆ ಅರ್ಧ ಸೆಕೆಂಡಿನ ಕಾಲ 5 ವಾಟ್ ಶಕ್ತಿಯಿಂದ ಹೊರಡುವ ಆ ಕರೆಯಲ್ಲಿ ಯಂತ್ರದ ಗುರುತಿನ ಸಂಖ್ಯೆಯೂ ಅಡಕವಾಗಿರುತ್ತದೆ. 121.5ರ ಕ್ಷೀಣಸ್ವರವೇನಿದ್ದರೂ ಹತ್ತಿರ ಬಂದ ಶೋಧಕರಿಗೆ ದಿಕ್ಕು ತೋರುವುದಕ್ಕೆ.

406ರ ಯಂತ್ರವನ್ನು ಕೊಂಡರೆ ಸಾಕೆಂದು ಹಲವರ ಎಣಿಕೆ. ನಮ್ಮ ಸೀಮೆಯ ಮಟ್ಟಿಗೆ ಅದು ಸಾಲದೆಂಬುದೇ ನನ್ನ ವಾದ. ಕರೆಯೊಡನೆ ಸ್ಥಳವನ್ನೂ ತಿಳಿಸುವ ಯಂತ್ರವೇ ಇಲ್ಲಿ ಬೇಕು. ಚಲಿಸುವ ಉಪಗ್ರಹವು ಡಾಪ್ಲರ್ ಪರಿಣಾಮದಿಂದ ಸ್ಥಳವನ್ನು ಗಣಿಸಬಲ್ಲುದಾದರೂ ಸುಮಾರು 5 ಕಿಲೋಮೀಟರಿನ ಅನಿಶ್ಚಯವುಳಿಯುತ್ತದೆ. ಜಿ.ಪಿ.ಎಸ್. ಜೋಡಿಸಿದ ಯಂತ್ರದಲ್ಲಿ ಅದು ಸುಮಾರು 100 ಮೀಟರಿಗೆ ಇಳಿಯುತ್ತದೆ. ಈ ಅಂತರವೆಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 5 ಕಿಲೋಮೀಟರ್ ತ್ರಿಜ್ಯದ ವೃತ್ತವೆಂದರೆ ಹತ್ತೊಂಬತ್ತು ಸಾವಿರ ಎಕರೆಗೂ ಹೆಚ್ಚು. ಇಪ್ಪತ್ತೈದು ಅಡಿಗೊಂದರಂತೆ ನೆಟ್ಟ ತೋಟವಾದರೆ ಎಕರೆಗೆ ಸುಮಾರು 70 ಮರ. ಇಡೀ ವೃತ್ತವೂ ತೋಟವೇ ಆಗಿದ್ದರೆ ಹದಿಮೂರು ಲಕ್ಷಕ್ಕೂ ಮಿಕ್ಕ ಮರಗಳ ಬುಡವನ್ನು ಹುಡುಕಬೇಕು. 100 ಮೀಟರಿನ ವೃತ್ತಕ್ಕೆ ಎಂಟು ಎಕರೆಯೂ ಆಗದು; ಮರಗಳು ಐನೂರ ನಲವತ್ತು.

ಇನ್ನೊಂದು ಸೂಕ್ಷ್ಮವಿದೆ. ಜಿ.ಪಿ.ಎಸ್. ಗ್ರಾಹಕವು ಸಂಕಟಸೂಚಕದೊಳಗೇ ಇದ್ದರೆ, ಅದು ಬಿದ್ದ ಮೇಲೆ ಆಕಾಶವನ್ನು ಕಂಡು ಸ್ಥಳವನ್ನು ತಿಳಿಯಬೇಕು. ಮಗುಚಿದ ವಿಮಾನದಡಿ, ಗರಿಗಳ ಮರೆಯಲ್ಲಿ, ಅದು ಕಷ್ಟಸಾಧ್ಯ. ಚಾಲಕನ ಮುಂದಿರುವ ಜಿ.ಪಿ.ಎಸ್. ಯಂತ್ರದಿಂದಲೇ ತಂತಿಯೆಳೆದು ಸ್ಥಳವನ್ನು ಸದಾ ತುಂಬಿಸುತ್ತಿದ್ದರೆ, ಬೀಳುವುದಕ್ಕೆ ಮುಂಚಿನ ಕಡೆಯ ಸ್ಥಾನ ನೆನಪಿನಲ್ಲಿ ಉಳಿದಿರುತ್ತದೆ. ಖರ್ಚು ಸ್ವಲ್ಪ ಹೆಚ್ಚಾದರೂ ನಾನು ಎರಡನೆಯದನ್ನೇ ಆರಿಸುವೆನು. ಜೇಬಿನಲ್ಲಿಡುವ ಯಂತ್ರವೂ ಒಳ್ಳೆಯದೇ. ಆದರೆ ಅದರ ಗುಂಡಿಯನ್ನೊತ್ತಲು ಒಬ್ಬನಾದರೂ ಎಚ್ಚರವಾಗಿರಬೇಕಷ್ಟೆ!

ಆರಿಸಿದ್ದಾಯಿತು, ಕೂರಿಸುವುದರಲ್ಲಿ ಎಡವುವವರೇ ಬಹಳ. 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೆವಾಡದಿಂದ ಲಘುವಿಮಾನದಲ್ಲಿ ಒಬ್ಬನೇ ಹೊರಟ ಪ್ರಖ್ಯಾತ ಸಾಹಸಿ ಸ್ಟೀವ್ ಫಾಸೆಟ್ ಹಿಂದಿರುಗಲಿಲ್ಲ. ವಿಮಾನದಲ್ಲಿ ಸಂಕಟಸೂಚಕವಿತ್ತು, ಅದರ ಕರೆ ಯಾರಿಗೂ ಕೇಳಿಸಲಿಲ್ಲ. ಅವಶೇಷಗಳು ದೊರೆತದ್ದು 2008ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯದ ಪರ್ವತಗಳಲ್ಲಿ. ಯಂತ್ರವಿದ್ದ ಮಾತ್ರಕ್ಕೆ ಕರೆ ಹೊರಟೀತೆಂಬ ಭರವಸೆಯಿಲ್ಲ. ಅನೇಕ ಮಾದರಿಗಳಲ್ಲಿ ಮೊದಲ ಸಂದೇಶ ಹೊರಡುವುದೇ ಆಘಾತವಾಗಿ ಸುಮಾರು 50 ಸೆಕೆಂಡುಗಳ ತರುವಾಯ. ಅಷ್ಟರಲ್ಲಿ ಆಂಟೆನಾ ಮುರಿದರೆ, ತಂತಿ ಕಡಿದರೆ, ಬೆಂಕಿ ಹತ್ತಿದರೆ ಎಲ್ಲವೂ ನಿಷ್ಫಲ. ಆದುದರಿಂದ ಯಂತ್ರವನ್ನು ಬಾಲದ ಕಡೆ, ತೆಳುತಗಡಿಗಲ್ಲದೆ ದೃಢವಾದ ಚೌಕಟ್ಟಿಗೆ, ಸೂಚಿಸಿದ ದಿಕ್ಕಿಗೇ ಮುಖಮಾಡಿ ಬಿಗಿಯಬೇಕು. ಆಂಟೆನಾ ಅದರ ಹತ್ತಿರವೇ ಇದ್ದು, ತಂತಿ ಗಿಡ್ಡವಾಗಿ, ನಡುವೆ ಕೀಲಿಲ್ಲದೆ, ತುಸು ಸಡಿಲವಾಗಿರಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಹಂಸದಂತಹ ವಿಮಾನಗಳ ಒಡಲು ಲೋಹದ್ದಲ್ಲ, ಸಂಯುಕ್ತ ನಾರಿನದು. ಅಂಥವುಗಳಲ್ಲಿ ಆಂಟೆನಾದ ಅಡಿಗೆ ಬೇರೆಯಾಗಿಯೇ ಲೋಹದ ಹಾಳೆಯನ್ನೋ ಜಾಲರಿಯನ್ನೋ ಹಾಸಬೇಕಾಗುತ್ತದೆ.

ಕೊನೆಯ ಕೆಲಸಕ್ಕೆ ಉಪಕರಣವೇ ಬೇಡ, ಒಂದು ಅರ್ಜಿ ಸಾಕು. ಭಾರತಕ್ಕೆ ಸೇರಿದ ಸಂಕಟಸಂದೇಶಗಳು ತಲುಪುವ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ಯಂತ್ರದ ಸಂಖ್ಯೆಯನ್ನೂ ಒಡೆಯನ ದೂರವಾಣಿಯನ್ನೂ ಅಲ್ಲಿ ದಾಖಲಿಸಿದ್ದರೆ, ಕರೆ ನಿಜವೋ ಹುಸಿಯೋ ಎಂಬುದು ಒಂದು ದೂರವಾಣಿ ಮಾತಿನಲ್ಲಿ ಇತ್ಯರ್ಥವಾಗುತ್ತದೆ. ವಿಮಾನವನ್ನು ಮಾರಿದಾಗ ಹೊಸ ಒಡೆಯನ ಹೆಸರನ್ನು ಬರೆಸದಿದ್ದರೆ, ಅಪಘಾತದ ದಿನ ಗಂಟೆ ಬಾರಿಸುವುದು ಹಳೆಯವನ ಮನೆಯಲ್ಲಿ.

"ನಮ್ಮದು ಜನ ತುಂಬಿದ ಸೀಮೆ, ಸದ್ದು ಕೇಳಿದೊಡನೆ ಊರೇ ಓಡಿಬರುತ್ತದೆ, ಇಷ್ಟೆಲ್ಲ ಏಕೆ?" ಎಂದು ಕೇಳುವವರುಂಟು. ಹಗಲಿನಲ್ಲಿ ಅದು ನಿಜ. ಕಾಯಿ ಕೆಡಹುವವನೊಬ್ಬ ಮರದ ಮೇಲಿದ್ದರೆ ಉಪಗ್ರಹಕ್ಕಿಂತ ಮೊದಲೇ ಅವನು ಕಂಡಾನು. ಆದರೆ ಶಿವಮೊಗ್ಗವನ್ನು ದಾಟಿ ಪಶ್ಚಿಮಕ್ಕೆ ಹಾರುವ ಅದೇ ವಿಮಾನದ ಕೆಳಗೆ ಕೊಡಚಾದ್ರಿಯ ಕಾಡು ಬರುತ್ತದೆ. ಬಯಲಿಗೊಂದು, ಘಟ್ಟಕ್ಕೊಂದು ಎಂದು ಎರಡು ಸಂಕಟಸೂಚಕಗಳನ್ನು ಯಾರೂ ಕೂರಿಸುವುದಿಲ್ಲ.