ಹೊಯ್ಗೆಯಲ್ಲಿ ಹ್ಯಾಂಡಲ್ ಆಡಲಿ ಬಿಡಿ

ವರ್ಸೋವಾದಿಂದ ಮಡ್‌ಗೆ ಹೋಗುವ ಫೆರಿಯಲ್ಲಿ ಸೈಕಲ್ಲಿಗೂ ಜಾಗ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಆ ದೋಣಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಈಗೀಗ ನಾಲ್ಕು ಇಂಚು ಅಗಲದ ಟೈರಿನ ಸೈಕಲ್ಲುಗಳೂ ಕಾಣಿಸುತ್ತವೆ. ಬೀಚಿಗೆ ಇದೇ ಬೇಕು ಎಂದು ಅಂಗಡಿಯವರು ಹೇಳಿ ಮಾರಿದ್ದು. ಬೇಡ ಎನ್ನುವುದು ನನ್ನ ವಾದ. ಮನೆಯಲ್ಲಿರುವ ಸಾಮಾನ್ಯ ಎಂಟಿಬಿ ಸಾಕು. ಬೇಕಾದದ್ದು ಉಬ್ಬರ ಇಳಿತದ ಸಮಯಪಟ್ಟಿ.

ಇದನ್ನು ನಾನು ಬಿದ್ದು ಕಲಿತೆ. ಮೊದಲ ಸಲ ಅಕ್ಸಾ ಬೀಚಿಗೆ ಹೋದಾಗ ಉಬ್ಬರ ಏರಿತ್ತು; ಉಳಿದಿದ್ದು ಮೇಲಿನ ಒಣ ಮರಳು ಮಾತ್ರ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹೂತುಕೊಂಡಿತು. ನಾನು ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಲ್ಲಿಗೆ ಮುಗಿಯಿತು.

ಒಣ ಮರಳಿನ ಕಣಗಳು ಒಂದರ ಮೇಲೊಂದು ಜಾರುತ್ತವೆ. ಸ್ವಲ್ಪ ನೀರು ಸೇರಿದರೆ ಆ ತೆಳು ಪದರವೇ ಕಣಗಳನ್ನು ಹಿಡಿದಿಡುತ್ತದೆ. ಮಕ್ಕಳ ಮರಳುಗೂಡು ನಿಲ್ಲುವುದೂ ಇದರಿಂದಲೇ. ನೀರು ಅತಿಯಾದರೆ ಮತ್ತೆ ಸಡಿಲ. ಆದ್ದರಿಂದ ಅಲೆಯ ಅಂಚಿನಲ್ಲಿ ಹೊಳೆಯುವ ಮರಳೂ ಅಲ್ಲ, ಮೇಲಿನ ಒಣ ಮರಳೂ ಅಲ್ಲ, ನಡುವಿನ ಮಂಕು ಬಣ್ಣದ ಪಟ್ಟಿಯೇ ನಮ್ಮ ರಸ್ತೆ. ಇಳಿತದ ಹೊತ್ತಿಗೆ ಅದು ಅಗಲವಾಗುತ್ತದೆ. ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಬಹಳ ದೂರ ಸರಿಯುತ್ತದೆ. ಹಾಗೆಯೇ ಬಹಳ ಒಳಕ್ಕೂ ಬರುತ್ತದೆ, ಅದು ನೆನಪಿರಲಿ.

ಟೈರಿನ ಗಾಳಿ ಇಳಿಸಿ. ರಸ್ತೆಯಲ್ಲಿ 30 ಪಿಎಸ್‌ಐ ಇಟ್ಟವರು ಮರಳಿಗೆ 18ರ ಹತ್ತಿರ ತಂದರೆ ಟೈರು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ಟ್ಯೂಬ್ ಇದ್ದರೆ ಕಲ್ಲು ಕಂಡಲ್ಲಿ ಜೋಪಾನ, ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಹಗುರ ಗೇರಿಗೆ ಮರಳು ಮುಟ್ಟುವ ಮೊದಲೇ ಬನ್ನಿ. ಸೀಟಿನಲ್ಲೇ ಕೂತು, ಭಾರವನ್ನು ತುಸು ಹಿಂದಕ್ಕೆ ಹಾಕಿ, ಒಂದೇ ಸಮ ತುಳಿಯಿರಿ. ಎದ್ದುನಿಂತು ತುಳಿದರೆ ಹಿಂದಿನ ಚಕ್ರ ಗುಂಡಿ ತೋಡುತ್ತದೆ. ಮುಂದಿನ ಬ್ರೇಕ್ ಮರೆತುಬಿಡಿ.

ಇನ್ನು ಹ್ಯಾಂಡಲ್. ಒಮ್ಮೆ ಸೈಕ್ಲಿಂಗ್ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಅನುವಾದಿಸುತ್ತಿದ್ದೆ. ಮರಳಿನಲ್ಲಿ ಸೈಕಲ್ಲನ್ನು ತೇಲಲು ಬಿಡಿ ಎಂಬರ್ಥದ ಸಾಲಿತ್ತು. ಹಾಗೇ ಬರೆದರೆ ಓದುಗರು ಅದನ್ನು ಸಮುದ್ರಕ್ಕೇ ಇಳಿಸಿಯಾರು! ಮಲ್ಪೆಯ ಕಡೆ ಹುಡುಗನಾಗಿದ್ದಾಗ ಸೈಕಲ್ ಮೇಲೆ ಮೀನು ಸಾಗಿಸಿದ್ದ ಸೋದರಮಾವನಿಗೆ ಫೋನ್ ಮಾಡಿದೆ. "ಹೊಯ್ಗೆ ಬಂದ್ರೆ ಬಿಗಿ ಹಿಡಿಬಾರ್ದು ಮಾರಾಯ್ತಿ. ಹ್ಯಾಂಡಲ್ ಅತ್ತಿತ್ತ ಆಡ್ತದೆ. ಆಡ್ಲಿ. ನೀನು ದೂರ ನೋಡು" ಎಂದರು. "ಆಡಲು ಬಿಡಿ" ಎಂದು ಬರೆದೆ. ಎಂ.ಎ.ಯಲ್ಲಿ ಓದಿದ ಭಾಷಾವಿಜ್ಞಾನವೆಲ್ಲ ಅವತ್ತು ಮಾವನ ಮುಂದೆ ಕೈಕಟ್ಟಿ ನಿಂತಿತು. ಉತ್ತರ ಕರ್ನಾಟಕದವರು ಉಸುಕು, ಕರಾವಳಿಯವರು ಹೊಯ್ಗೆ ಎನ್ನುವ ಈ ವಸ್ತುವಿನಲ್ಲಿ ಭಾರ ಹೊತ್ತು ಸೈಕಲ್ ಓಡಿಸಿದವರ ಮಾತು ನಮ್ಮ ಯಾವ ಕೈಪಿಡಿಗೂ ಬಂದಿಲ್ಲ ಎಂಬ ಸಿಟ್ಟು ನನಗಿನ್ನೂ ಇದೆ.

ದಪ್ಪ ಟೈರಿನ ಬಗ್ಗೆ ನನ್ನ ತಕರಾರು ಬರೀ ದುಡ್ಡಿನದಲ್ಲ. ಅದು ಒಣ ಮರಳಿನಲ್ಲೂ ಹೋಗುತ್ತದೆ, ಹಾಗಾಗಿ ಸವಾರರೂ ಅಲ್ಲಿಗೇ ಹೋಗುತ್ತಾರೆ. ಮಡ್, ಗೋರಾಯಿಗಳಲ್ಲಿ ಕೋಳಿ ಜನ ಬೊಂಬಿಲ್ ಒಣಗಿಸುವುದು ಮೇಲ್ಗಡೆಯೇ. ಕಡಲಾಮೆ ಮೊಟ್ಟೆಯಿಡುವುದೂ ಉಬ್ಬರದ ಗೆರೆಯ ಮೇಲೆಯೇ. 2018ರ ಮಾರ್ಚಿನಲ್ಲಿ ಇದೇ ವರ್ಸೋವಾದಲ್ಲಿ ಆಲಿವ್ ರಿಡ್ಲಿ ಮರಿಗಳು ಮರಳಿನಿಂದೆದ್ದು ಸಮುದ್ರ ಸೇರಿದವು. ವರ್ಷಗಟ್ಟಲೆ ಕಸ ಬಳಿದವರ ಶ್ರಮಕ್ಕೆ ಸಿಕ್ಕ ಫಲ ಅದು. ಗೂಡು ಮೇಲಿನಿಂದ ಕಾಣುವುದಿಲ್ಲ. ಉಬ್ಬರ ಬಿಟ್ಟುಹೋದ ಕಸದ ಗೆರೆ ಸಿಕ್ಕಿದ ಕೂಡಲೇ ನಾನು ಇಳಿದು, ಜನ ನಡೆದ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆಗೆ ಬರುತ್ತೇನೆ.

ಮನೆಗೆ ಬಂದವರೇ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಸ್ನಾನ ಆಮೇಲೆ. ಉಪ್ಪು ಒಂದೇ ರಾತ್ರಿಯಲ್ಲಿ ಚೈನನ್ನು ಕೆಂಪಾಗಿಸುತ್ತದೆ.